ಒಂದೇ ಕೊಡೆಗೆ ಕಟ್ಟಬಹುದಾದ ಚೀಟಿ

ಬಸ್ಸಿನಲ್ಲಿ ಜನ ಏನೇನು ಬಿಟ್ಟುಹೋಗುತ್ತಾರೆ ಎಂಬುದನ್ನು ಬಸ್ಸು ಗುಡಿಸುವವರನ್ನು ಕೇಳಬೇಕು. ನಾನು ಮೂವತ್ತೊಂದು ವರ್ಷ ಡಿಪೋದಲ್ಲಿ ಬಸ್ಸು ಗುಡಿಸಿದವಳು. ಕೊಡೆ, ಚೀಲ, ಕನ್ನಡಕ, ಊಟದ ಡಬ್ಬಿ ಇವೆಲ್ಲ ದಿನದಿನದ ಮಾತು. ಒಂದು ಸಲ ಹಲ್ಲಿನ ಸೆಟ್ಟು ಸಿಕ್ಕಿತ್ತು, ಸೀಟಿನ ಕೆಳಗೆ ಒಂದೇ ಸಮನೆ ನಗುತ್ತಾ ಕೂತಿತ್ತು. ಇನ್ನೊಂದು ಸಲ ಒಂದು ಊರುಗೋಲು. ಕುಂಟುತ್ತಾ ಹತ್ತಿದವರು ನೆಟ್ಟಗೆ ಇಳಿದು ಹೋದರೋ ಏನೋ ಎಂದು ನಾವು ಒಂದು ವಾರ ನಕ್ಕಿದ್ದೆವು.

ಸಿಕ್ಕಿದ್ದನ್ನೆಲ್ಲ ಡಿಪೋದ ಹಿಂಬದಿಯ ಒಂದು ಕೋಣೆಗೆ ಕೊಡಬೇಕಿತ್ತು. ಬಾಗಿಲ ಮೇಲೆ ‘ಕಳೆದ ಸಾಮಾನುಗಳ ಕೋಣೆ’ ಎಂದು ಬರೆದಿತ್ತು. ಪ್ರತಿ ಸಾಮಾನಿಗೂ ಒಂದು ಚೀಟಿ ಕಟ್ಟಿ, ಅದು ಏನು, ಹೇಗಿದೆ ಎಂದು ಬರೆದು, ವಾರಕ್ಕೊಮ್ಮೆ ಎಲ್ಲದರ ಪಟ್ಟಿಯನ್ನು ಬಸ್ ನಿಲ್ದಾಣದ ಬೋರ್ಡಿಗೆ ಅಂಟಿಸುವುದು ನಿಯಮ. ತೊಂಬತ್ತು ದಿನ ಕಾಯುತ್ತಿದ್ದರು. ಯಾರೂ ಬರದಿದ್ದರೆ ಬಳಸುವಂಥದ್ದು ಅನಾಥಾಲಯಕ್ಕೆ, ಉಳಿದದ್ದು ರದ್ದಿಗೆ. ಯಾವುದು ಎಲ್ಲಿಗೆ ಎಂದು ತೀರ್ಮಾನಿಸಲು ಗಂಟು ಬಿಚ್ಚಿ ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ. ಚೀಟಿಯಲ್ಲಿ ಏನಿದೆಯೋ ಅದೇ ಕೊನೆಯ ಮಾತು.

ಆ ಕೋಣೆಗೆ ಗುಮಾಸ್ತರಾಗಿ ಬಂದ ಒಬ್ಬರ ಕಥೆ ಇದು. ಅವರನ್ನು ಎಲ್ಲರೂ ಕಂಚಣ್ಣ ಎನ್ನುತ್ತಿದ್ದರು.

ಮೊದಲು ಅವರು ಕಂಡಕ್ಟರಾಗಿದ್ದರು. ಕಂಚಿನ ಕಂಠ. ಮುಂದಿನ ಬಾಗಿಲಲ್ಲಿ ನಿಂತು ಸ್ಟಾಪಿನ ಹೆಸರು ಕೂಗಿದರೆ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದವರೂ ಚೀಲ ಹಿಡಿದು ಎದ್ದು ನಿಲ್ಲುತ್ತಿದ್ದರು. ಮಾತೆಂದರೆ ಅವರಿಗೆ ಊಟ. “ಹಿಂದೆ ಹೋಗಿ, ಹಿಂದೆ ಹೋಗಿ, ಹಿಂದೆ ಏನು ಹುಲಿ ಕಟ್ಟಿದೀವಾ?” ಅನ್ನುವರು. “ಅಮ್ಮಾ, ಈ ಕೂಸಿಗೆ ಅರ್ಧ ಟಿಕೆಟ್ಟಾ? ಕೂಸಿಗೆ ಮೀಸೆ ಬಂದಿದೆಯಲ್ಲಮ್ಮ!” ಅನ್ನುವರು. ಬೈಸಿಕೊಂಡವರೇ ಮೊದಲು ನಗುತ್ತಿದ್ದರು. ಕೆಲವರು ಎರಡು ಬಸ್ಸು ಬಿಟ್ಟು ಕಂಚಣ್ಣನ ಬಸ್ಸಿಗೇ ಕಾಯುತ್ತಿದ್ದುದನ್ನು ನಾನು ಕಂಡಿದ್ದೇನೆ.

ಐವತ್ತೊಂದನೆಯ ವಯಸ್ಸಿಗೆ ಅವರ ಗಂಟಲಲ್ಲಿ ಗಡ್ಡೆ ಎದ್ದಿತು. ಆಪರೇಶನ್ ಮಾಡಿ ತೆಗೆದರು. ಗಡ್ಡೆಯ ಜೊತೆ ಕಂಚೂ ಹೋಯಿತು. ಟೈರಿನ ವಾಲ್ವು ಒತ್ತಿದರೆ ಬರುವ ಗಾಳಿಯಂಥ ಒಂದು ಪಿಸುಮಾತು ಮಾತ್ರ ಉಳಿಯಿತು. ನಾಲ್ಕು ಮಾತಾಡಿದರೆ ಐದನೆಯದಕ್ಕೆ ನೀರು ಕುಡಿಯಬೇಕು. ಕತ್ತಿನ ಹೊಲಿಗೆ ಕಾಣದಿರಲೆಂದು ಬೇಸಿಗೆಯಲ್ಲೂ ಮಫ್ಲರು ಸುತ್ತುತ್ತಿದ್ದರು. ಅಡ್ಡಹೆಸರು ಮಾತ್ರ ಹೋಗಲಿಲ್ಲ. ಯಾರಾದರೂ ದೂರದಿಂದ “ಕಂಚಣ್ಣಾ” ಎಂದು ಕೂಗಿದರೆ, ತಿರುಗಿ ನೋಡುವ ಮೊದಲು ಅವರ ಕೈ ಒಮ್ಮೆ ಮಫ್ಲರಿನ ಮೇಲೆ ಹೋಗಿ ಬರುತ್ತಿತ್ತು.

ಟಿಕೆಟ್ಟು ಹರಿದು ಕೊಡುವುದು ಬಿಟ್ಟರೆ ಅವರು ಪೆನ್ನು ಹಿಡಿದು ಏನೂ ಬರೆದವರಲ್ಲ. ಹಾಗಾಗಿ ಮೊದಮೊದಲು ಅವರ ಚೀಟಿಗಳು ಟಿಕೆಟ್ಟಿನಂತೆಯೇ ಇದ್ದವು. ‘ಕೊಡೆ, ಕಪ್ಪು, 1.’ ‘ಚೀಲ, ಬಟ್ಟೆಯದು, 1.’ ಕೋಣೆಯಲ್ಲಿ ನಲವತ್ತು ಕಪ್ಪು ಕೊಡೆ ಬಾವಲಿಗಳಂತೆ ನೇತಾಡುತ್ತಿದ್ದವು. ನಲವತ್ತಕ್ಕೂ ಅದೇ ಚೀಟಿ. ಬೋರ್ಡಿನ ಪಟ್ಟಿ ನೋಡಿ ಯಾರು ತಾನೇ ಬಂದಾರು?

ನಾಲ್ಕು ತಿಂಗಳು ಹೀಗೇ ಕಳೆದ ಮೇಲೆ ಮ್ಯಾನೇಜರ್ ಬಂದರು. ಕೆಟ್ಟವರಲ್ಲ, ಆದರೆ ಎಲ್ಲದಕ್ಕೂ ಅಳತೆಯ ಟೇಪು ಹಿಡಿಯುವ ಮನುಷ್ಯ. ಬಾಗಿಲಲ್ಲೇ ನಿಂತು ಹೇಳಿದರು: “ಬಂದ ಸಾಮಾನಲ್ಲಿ ಹತ್ತಕ್ಕೆ ಒಂದೂ ವಾಪಸ್ ಹೋಗ್ತಿಲ್ಲ. ನನಗೆ ಬಸ್ಸಿನ ಬ್ಯಾಟರಿ ಇಡೋಕೆ ಜಾಗ ಇಲ್ಲ. ಇವತ್ತಿಂದ ಆರು ತಿಂಗಳು ಕೊಡ್ತೀನಿ. ಬಂದದ್ದರಲ್ಲಿ ಅರ್ಧ ಮನೆ ಸೇರಬೇಕು. ಇಲ್ಲ ಅಂದ್ರೆ ಕೋಣೆ ಮುಚ್ತೀನಿ. ಆಮೇಲೆ ನಿಮಗೆ ಕೊಡೋಕೆ ನನ್ನ ಹತ್ರ ಬೇರೆ ಕೆಲಸ ಇಲ್ಲ.”

ಅವರು ಹೋದ ಮೇಲೆ ಕಂಚಣ್ಣ ಮುಖ ಸಣ್ಣದು ಮಾಡಿಕೊಂಡು ಕೂತರು. ನಾನು ಆ ದಿನದ ಎರಡು ಡಬ್ಬಿ ಮೇಜಿನ ಮೇಲಿಟ್ಟೆ.

“ಅಕ್ಕಾ,” ಅಂದರು, ಗಾಳಿ ಬಿಟ್ಟ ಹಾಗೆ. “ಬಾಯಿದ್ದಾಗ ಇಡೀ ಊರಿಗೆ ಬೇಕಾಗಿದ್ದೆ. ಈಗ ಮನೇಲಿ ಸುಮ್ನೆ ಕೂತ್ರೆ, ನನ್ನ ಹೆಂಡ್ತಿ ನನ್ನನ್ನೂ ತಂದು ಇಲ್ಲೇ ಬಿಟ್ಟುಹೋಗ್ತಾಳೆ. ನೀವು ಚೀಟಿ ಕಟ್ಟಿ.”

“ಏನಂತ ಬರೀಲಿ?” ಅಂದೆ.

“‘ಗಂಡಸು, ಹಳೇದು, 1.’”

ಇಬ್ಬರೂ ನಕ್ಕೆವು. ಆದರೆ ಅವರ ಕೈ ಮಫ್ಲರಿನ ಮೇಲಿಂದ ಇಳಿಯಲಿಲ್ಲ.

ಮಾರನೆಯ ದಿನದಿಂದ ಅವರು ಬರೆಯುವುದನ್ನು ಕಲಿಯಲು ಹೊರಟರು. ತೊಂಬತ್ತು ದಿನ ಕಳೆದೂ ಉಳಿದಿದ್ದ ಸಾಮಾನುಗಳ ನಡುವೆ ಒಂದು ನಿಘಂಟು ಇತ್ತು, ಇಟ್ಟಿಗೆಯಷ್ಟು ದಪ್ಪ. ಅದನ್ನು ಮೇಜಿಗೆ ತಂದರು. ದಿನಕ್ಕೆ ಹತ್ತು ಪದ ಕಲಿಯುವುದೆಂದು ಹಟ ಹಿಡಿದರು. ಕಲಿತದ್ದನ್ನು ಅಂದಂದೇ ಚೀಟಿಗೆ ಹಾಕುವುದು. ಕಪ್ಪು ಕೊಡೆ ‘ಕಾರ್ಮೋಡದಂತೆ ಶ್ಯಾಮಲವರ್ಣದ ಛತ್ರಿ’ ಆಯಿತು. ಊಟದ ಡಬ್ಬಿ ‘ರಜತಕಾಂತಿಯ ಭೋಜನಪಾತ್ರೆ’ ಆಯಿತು. ಹರಿದ ಕರ್ಚೀಫಿಗೆ ‘ವಿರಹಿಣಿಯಂತೆ ಬಾಡಿದ ಕರವಸ್ತ್ರ’ ಎಂದು ಬರೆದರು.

ಪಟ್ಟಿ ಬೋರ್ಡಿಗೆ ಹತ್ತಿದ ದಿನ ಡ್ರೈವರುಗಳು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರಲ್ಲಿ ಹಿರಿಯ, ಹಿಂದೆ ಕಂಚಣ್ಣನ ಜೊತೆಯಲ್ಲೇ ಹನ್ನೆರಡು ವರ್ಷ ಗಾಡಿ ಓಡಿಸಿದವನು, ಕೋಣೆಗೇ ಬಂದ.

“ಏನಣ್ಣಾ, ಕೊಡೆಗೆ ಗಂಡು ಹುಡುಕ್ತಿದೀಯಾ? ಜಾತಕಾನೂ ಅಂಟಿಸಿಬಿಡು!”

“ಹೋಗೋ, ಹೋಗೋ. ನಿನಗೇನು ಗೊತ್ತು ಸಾಹಿತ್ಯ,” ಎಂದು ಕಂಚಣ್ಣ ಉಸುರಿದರು.

“ನನಗೆ ಗೊತ್ತಿಲ್ಲ ಸರಿ. ಕೊಡೆ ಕಳ್ಕೊಂಡೋನಿಗೆ ಗೊತ್ತಿರಬೇಕಲ್ಲಪ್ಪ!”

ನನ್ನ ಕೆಲಸ ಒಂದಿತ್ತು. ಕಂಚಣ್ಣನಿಗೆ ತಾವು ಬರೆದದ್ದನ್ನು ಗಟ್ಟಿಯಾಗಿ ಓದಿ ನೋಡಲು ಆಗುತ್ತಿರಲಿಲ್ಲ. “ಅಕ್ಕಾ, ಒಂದು ಸಲ ಓದಿ, ಹೇಗೆ ಕೇಳಿಸ್ತದೆ ನೋಡೋಣ” ಅನ್ನುವರು. ನಾನು ಮೂರನೇ ಕ್ಲಾಸಿನವರೆಗೆ ಹೋದವಳು. ಬೆರಳಿಟ್ಟು ಅಕ್ಷರ ಅಕ್ಷರ ಕೂಡಿಸಿ ಓದಬೇಕು. ‘ರಜತಕಾಂತಿ’ಯ ಹತ್ತಿರ ಎರಡು ಸಲ ಮುಗ್ಗರಿಸಿದೆ. ಅವರು ಅದು ನನ್ನ ಓದಿನ ದೋಷ ಅಂದುಕೊಂಡರು, ನಾನೂ ಹಾಗೇ ಅಂದುಕೊಂಡೆ.

ಆ ದಿನಗಳಲ್ಲೇ ಒಂದು ಸುರುಳಿ ಸಿಕ್ಕಿತು. ಹನ್ನೊಂದು ಗಂಟೆಯ ಬಸ್ಸಿನ ಎಡಗಡೆ ಸೀಟಿನ ಕೆಳಗಿತ್ತು. ಕಂದು ಕಾಗದಗಳು, ದೊಡ್ಡವು, ಒಂದರೊಳಗೊಂದು ಸುತ್ತಿ ಲಾಡಿ ಕಟ್ಟಿದ್ದರು. ಅಂಚು ಸವೆದು ಮೆತ್ತಗಾಗಿತ್ತು. ಮೂಗಿನ ಹತ್ತಿರ ತಂದಾಗ ಸೀಮೆಸುಣ್ಣದ ವಾಸನೆ ಬಂತು. ಅಲ್ಲಲ್ಲಿ ಗುಂಡುಸೂಜಿ ಚುಚ್ಚಿದ ತೂತು. ಯಾರೋ ಕೆಲಸಗಾರರದ್ದು ಎಂದು ನನಗೆ ಅನ್ನಿಸಿತ್ತು. ಕಂಚಣ್ಣ ಬಿಚ್ಚಿ ನೋಡಲಿಲ್ಲ. ನಿಘಂಟು ತಿರುವಿ ಹಾಕಿ, ಬಹಳ ಹೊತ್ತು ಯೋಚಿಸಿ ಬರೆದರು: ‘ಜೀರ್ಣ ಕಾಗದಗಳ ಸುರುಳಿ. ಗತವೈಭವದ ಅವಶೇಷದಂತಿದೆ.’

“ಓದಿ ಅಕ್ಕಾ.”

ಓದಿದೆ. ‘ಅವಶೇಷ’ದಲ್ಲಿ ನಿಂತು, ಉಸಿರು ತೆಗೆದುಕೊಂಡು ಮುಗಿಸಿದೆ.

“ಹೇಗಿದೆ?”

ಆಪರೇಶನ್ ಆದ ಮೇಲೆ ಅವರ ಮುಖದಲ್ಲಿ ಅಂಥ ಬೆಳಕು ನಾನು ನೋಡಿರಲಿಲ್ಲ. “ಚೆನ್ನಾಗಿದೆ” ಅಂದೆ. ಸೀಮೆಸುಣ್ಣದ ವಾಸನೆಯ ಮಾತು ಬಾಯಿಯವರೆಗೆ ಬಂದಿತ್ತು, ನುಂಗಿಕೊಂಡೆ. ಇವತ್ತಿಗೂ ಅದು ನನ್ನ ಗಂಟಲಲ್ಲಿದೆ.

ಐದಾರು ವಾರ ಕಳೆದರೂ ಸಾಮಾನು ಮನೆಗೆ ಹೋಗುವುದು ಹೆಚ್ಚಲಿಲ್ಲ. ಆಗ ಒಂದು ದಿನ ಮಧ್ಯಾಹ್ನ ಒಬ್ಬ ನರ್ಸು ಬಂದಳು, ಕೊಡೆ ಹುಡುಕಿಕೊಂಡು. ಪಟ್ಟಿ ನೋಡಿ ಬಂದವಳಲ್ಲ. ಯಾರೋ ಕಂಡಕ್ಟರು ಹೇಳಿದ್ದರಂತೆ.

“ಹೇಗಿದೆಯಮ್ಮ ನಿಮ್ಮ ಕೊಡೆ?” ಎಂದು ಕಂಚಣ್ಣ ಕೇಳಿದರು.

“ಕಪ್ಪು. ಹಿಡಿ ಮರದ್ದು, ತುದಿ ನಮ್ಮ ಮಾವನವರ ಮೂಗಿನ ಹಾಗೆ ಮೇಲಕ್ಕೆ ಎದ್ದಿದೆ. ಒಂದು ಕಡ್ಡಿ ಮುರಿದಿದೆ, ಬಿಚ್ಚಿದ್ರೆ ಆ ಕಡೆ ಮಾತ್ರ ಮುನಿಸಿಕೊಂಡ ಹಾಗೆ ಜೋತುಬೀಳ್ತದೆ. ಗುಂಡಿ ಒತ್ತಿದ್ರೆ ತೆರೆಯೋಲ್ಲ, ಬೈದ್ರೆ ತೆರೆಯುತ್ತೆ.”

ಕಂಚಣ್ಣ ಎದ್ದು ನಲವತ್ತು ಕೊಡೆಗಳ ಸಾಲಿಗೆ ಹೋದರು. ಒಂದು ನಿಮಿಷವೂ ಆಗಲಿಲ್ಲ, ಮೂಗು ಮೇಲೆತ್ತಿದ ಒಂದನ್ನು ಹಿಡಿದು ತಂದರು. ನರ್ಸು ಗುಂಡಿ ಒತ್ತಿದಳು, ತೆರೆಯಲಿಲ್ಲ. “ದರಿದ್ರದ್ದೇ” ಎಂದಳು, ಫಟ್ಟನೆ ತೆರೆದುಕೊಂಡಿತು. ಒಂದು ಕಡೆ ಮುನಿಸಿಕೊಂಡು ಜೋತುಬಿತ್ತು.

ಅವಳು ಹೋದ ಮೇಲೆ ಕಂಚಣ್ಣ ಆ ಕೊಡೆಯಿಂದ ಬಿಚ್ಚಿದ ಚೀಟಿಯನ್ನು ಕೈಯಲ್ಲೇ ಹಿಡಿದು ನಿಂತಿದ್ದರು. ‘ಕಾರ್ಮೋಡದಂತೆ ಶ್ಯಾಮಲವರ್ಣದ ಛತ್ರಿ.’ ಅದನ್ನು ಪಕ್ಕದ ಕೊಡೆಗೆ ಕಟ್ಟಿ ನೋಡಿದರು, ಹೊಂದಿತು. ಅದರ ಪಕ್ಕದ್ದಕ್ಕೆ ಕಟ್ಟಿದರು, ಅದಕ್ಕೂ ಹೊಂದಿತು. ಮೂರನೆಯದಕ್ಕೂ. ಕೊನೆಗೆ ನನ್ನ ಕಡೆ ತಿರುಗಿದರು.

“ಅಕ್ಕಾ, ‘ಕೊಡೆ, ಕಪ್ಪು, 1’ ಬರೆದಾಗಲೂ ಇದೇ ಕಥೆ. ನಾನು ಬರೀ ಉದ್ದ ಮಾಡಿದ್ದೀನಿ.”

ಆವತ್ತಿನಿಂದ ಅವರ ಪದ್ಧತಿಯೇ ಬದಲಾಯಿತು. ಸಾಮಾನು ಬಂದ ಕೂಡಲೇ ಬರೆಯುತ್ತಿರಲಿಲ್ಲ. ಮೊದಲು ಕಣ್ಣು ಮುಚ್ಚಿ ಕೈಯಲ್ಲಿ ತಿರುಗಿಸುವರು, ಆಮೇಲೆ ಕಣ್ಣು ತೆರೆದು ನೋಡುವರು. ಬರೆದ ಮೇಲೆ ಚೀಟಿಯನ್ನು ಅಂಥದ್ದೇ ಇನ್ನೊಂದು ಸಾಮಾನಿಗೆ ಕಟ್ಟಿ ನೋಡುವರು. ಅದಕ್ಕೂ ಹೊಂದಿದರೆ ಹರಿದು ಎಸೆಯುವರು. ಒಂದೇ ಕೊಡೆಗೆ ಕಟ್ಟಬಹುದಾದ ಚೀಟಿಯಷ್ಟೇ ಚೀಟಿ, ಉಳಿದದ್ದು ಕಾಗದ ಅನ್ನುವರು. ಸಾಯಂಕಾಲ ಬರೆದದ್ದನ್ನು ಬೆಳಿಗ್ಗೆ ಬಂದು ಮತ್ತೆ ನೋಡುವರು. “ಸಾಯಂಕಾಲದ ಕಂಚಣ್ಣ ಸ್ವಲ್ಪ ಜಂಬದ ಮನುಷ್ಯ, ಬೆಳಗಿನೋನು ಪರವಾಗಿಲ್ಲ” ಎನ್ನುವುದು ಅವರ ತಮಾಷೆ.

ನಾನು ಓದುತ್ತಾ ಎಲ್ಲಿ ಮುಗ್ಗರಿಸಿದರೂ ಈಗ ಅವರು ಪದವನ್ನೇ ಹೊಡೆದು ಹಾಕುತ್ತಿದ್ದರು. “ರಸ್ತೇಲಿ ಗುಂಡಿ ಇದ್ರೆ ಹತ್ತಿದೋರನ್ನ ಬೈಯ್ಯೋಕಾಗುತ್ತಾ?” ಅಂದರು ಒಮ್ಮೆ.

ನಿಘಂಟನ್ನು ಎಸೆಯಲಿಲ್ಲ. ಅದರ ಪಕ್ಕಕ್ಕೆ ಇನ್ನೊಂದು ಬಂತು: ಟಿಕೆಟ್ ರೋಲಿನ ಹಿಂಬದಿಯಲ್ಲಿ ಅವರೇ ಬರೆದಿಟ್ಟ ಪದಗಳು. ಪಾತ್ರೆಗೆ ಪೆಟ್ಟು ಬಿದ್ದು ಒಳಕ್ಕೆ ಹೋದರೆ ನೆಗ್ಗು. ಬಣ್ಣ ಎದ್ದುಹೋದರೆ ಚಕ್ಕೆ. ಬಟ್ಟೆಯ ಅಂಚು ಬಿಟ್ಟುಕೊಂಡರೆ ಎಳೆ ಎದ್ದಿದೆ. ಬಣ್ಣ ಮಾಸಿದ್ದು ಬೇರೆ, ಬೆಳ್ಳಗಾದದ್ದು ಬೇರೆ, ಕರೆ ಹಿಡಿದದ್ದು ಬೇರೆ. ಇವೆಲ್ಲ ನಮ್ಮಂಥವರ ಬಾಯಲ್ಲಿ ದಿನವೂ ಇರುವ ಪದಗಳು. ಸಾಮಾನು ಕೇಳಿಕೊಂಡು ಬಂದವರು ಆಡುವ ಒಂದೊಂದು ಹೋಲಿಕೆಯನ್ನೂ ಅವರು ಅಲ್ಲೇ ಬರೆದುಕೊಳ್ಳುತ್ತಿದ್ದರು. ಬೀಗದ ಕೈ ಗೊಂಚಲಿಗೆ ಒಬ್ಬ ಮುದುಕಿ “ಅಲ್ಲಾಡಿಸಿದ್ರೆ ಅತ್ತೆ ಸೊಸೆ ಜಗಳ ಆಡಿದ ಹಾಗೆ” ಅಂದಿದ್ದಳು. ಅದು ಹಾಗೇ ರೋಲಿಗೆ ಹೋಯಿತು.

ಪಟ್ಟಿ ಓದಲು ಬೋರ್ಡಿನ ಮುಂದೆ ಜನ ನಿಲ್ಲತೊಡಗಿದರು. ಕೆಲವರು ಏನೂ ಕಳೆದುಕೊಂಡಿರಲಿಲ್ಲ, ಸುಮ್ಮನೆ ಓದುವವರು. ಮನೆಗೆ ಹೋಗಿ ಪಕ್ಕದವರಿಗೆ ಹೇಳುತ್ತಿದ್ದರು: “ನಿಮ್ಮ ಡಬ್ಬಿ ಅಲ್ವಾ ಅದು, ಮುಚ್ಚಳ ಕುಣಿಯೋದು?” ವಾರಕ್ಕೆ ಒಂದೋ ಎರಡೋ ಹೋಗುತ್ತಿದ್ದ ಸಾಮಾನು ಈಗ ಹತ್ತು ಹನ್ನೆರಡು ಹೋಗತೊಡಗಿತು. ಕೋಣೆ ಉಳಿಯಬಹುದೆಂದು ನಮಗೂ ಧೈರ್ಯ ಬಂತು.

ಹಳೆಯ ಶೃಂಗಾರದ ಚೀಟಿಗಳನ್ನು ಒಂದೊಂದಾಗಿ ತೆಗೆದು ಹೊಸದು ಬರೆದರು. ಎಲ್ಲವನ್ನೂ ಬದಲಾಯಿಸಿದರು, ಒಂದನ್ನು ಬಿಟ್ಟು. ಕಾಗದದ ಸುರುಳಿಯ ಚೀಟಿಯನ್ನು ಕೈಗೆ ತೆಗೆದುಕೊಂಡು, ಓದಿ, ಮತ್ತೆ ಹಾಗೆಯೇ ಬಿಟ್ಟದ್ದನ್ನು ನಾನೇ ನೋಡಿದೆ.

“ಇದು ಇರಲಿ ಅಕ್ಕಾ. ನಾನು ಬರೆದದ್ದರಲ್ಲಿ ಇದೊಂದು ಚೆಂದ ಬಂದಿದೆ.”

ತೊಂಬತ್ತು ದಿನ ತುಂಬಿತು. ರದ್ದಿಯ ಗಾಡಿ ಬಂತು. ಗಾಡಿಯವನು ಚೀಟಿ ನೋಡಿದ, ‘ಜೀರ್ಣ ಕಾಗದ’ ಎಂದಿತ್ತು, ಎತ್ತಿ ಹಾಕಿಕೊಂಡ.

ಆರು ದಿನ ಬಿಟ್ಟು ಒಬ್ಬ ಮುದುಕರು ಕೋಲೂರಿಕೊಂಡು ಬಂದರು. ಜೊತೆಗೆ ಸೊಸೆ. ಕೌಂಟರಿನ ಮೇಲೆ ಎರಡೂ ಕೈ ಊರಿ ನಿಂತರು.

“ಸ್ವಾಮೀ, ನಾನು ದರ್ಜಿ. ನನ್ನ ಗಿರಾಕಿಗಳನ್ನೆಲ್ಲ ನಿಮ್ಮ ಬಸ್ಸಲ್ಲಿ ಕಳ್ಕೊಂಡಿದ್ದೀನಿ.”

ಕಂಚಣ್ಣ ಇದನ್ನು ರೋಲಿನಲ್ಲಿ ಬರೆದುಕೊಳ್ಳಲು ಪೆನ್ನು ತೆಗೆದರು. “ಹೇಗೆ ತಾತ?”

“ಮೂವತ್ತೆಂಟು ವರ್ಷದಿಂದ ಹೊಲೀತಿದ್ದೀನಿ. ಖಾಯಂ ಗಿರಾಕಿ ಒಬ್ಬೊಬ್ಬರಿಗೂ ಕಂದು ಕಾಗದದಲ್ಲಿ ಮೈ ಅಳತೆ ಕತ್ತರಿಸಿ ಇಟ್ಟಿದ್ದೆ. ಭುಜ, ಬೆನ್ನು, ತೋಳು, ಎಲ್ಲ ಒಂದೇ ಕಾಗದದಲ್ಲಿ. ಅವರು ಬಟ್ಟೆ ಕೊಟ್ರೆ ಸಾಕು, ಮನುಷ್ಯ ಬರೋದೇ ಬೇಡ, ಕಾಗದ ಇಟ್ಟು ಗೆರೆ ಎಳೆದು ಕತ್ತರಿಸೋದು. ಐವತ್ತೈದು ಜನ. ಅಂಗಡಿ ಬಿಟ್ಟು ಮನೇಲೇ ಹೊಲಿಯೋಣ ಅಂತ ಸುತ್ತಿಕೊಂಡು ಹೊರಟಿದ್ದೆ. ಇಳಿಯೋವಾಗ ಮೆಟ್ಟಿಲಲ್ಲಿ ಜಾರಿ ಸೊಂಟ ಮುರೀತು. ನಾನು ಆಸ್ಪತ್ರೆಗೆ ಹೋದೆ, ಅವರು ಬಸ್ಸಲ್ಲೇ ಮುಂದೆ ಹೋದ್ರು.”

ಕಂಚಣ್ಣನ ಪೆನ್ನು ನಿಂತಿತ್ತು.

ಸೊಸೆ ಹೇಳಿದಳು: “ನಾನು ವಾರ ವಾರ ಬೋರ್ಡು ನೋಡ್ದೆ ಅಣ್ಣ. ಅಳತೆ ಕಾಗದ ಅಂತ ಎಲ್ಲೂ ಇರಲಿಲ್ಲ. ಜೀರ್ಣ ಅಂತ ಏನೋ ಒಂದಿತ್ತು, ಗತವೈಭವ ಅಂತೆಲ್ಲ. ಯಾವುದೋ ರಾಜರ ಕಾಲದ್ದು ಇರಬೇಕು ಅಂದುಕೊಂಡೆ.”

ಕಂಚಣ್ಣ ನೀರು ಕುಡಿದು, ಕೌಂಟರಿನಿಂದ ಈಚೆ ಬಂದು, ಮುದುಕರ ಮುಂದೆ ನಿಂತರು. “ತಾತ, ಅದನ್ನ ಬರೆದೋನು ನಾನು. ಅದು ರದ್ದಿಗೆ ಹೋಗಿದೆ.”

ಮುದುಕರು ಬೈಯಲಿಲ್ಲ. “ಐವತ್ತೈದು ಜನಾನೂ?” ಎಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ರದ್ದಿ ಅಂಗಡಿ ಡಿಪೋದಿಂದ ಎರಡು ಸ್ಟಾಪು. ಅವರಿಬ್ಬರನ್ನು ಕೋಣೆಯಲ್ಲಿ ಕೂರಿಸಿ ನಾನೂ ಕಂಚಣ್ಣನೂ ಹೋದೆವು. ಅಂಗಡಿಯವನು ಕಾಗದ ಗಟ್ಟಿಯಿದೆ ಎಂದು ಗಾಜಿನ ಸಾಮಾನು ಸುತ್ತಲು ಹರಿದು ಹರಿದು ಬಳಸಿದ್ದ. ರಾಶಿಯೊಳಗೆ ಮೊಣಕೈವರೆಗೆ ಕೈ ಹಾಕಿ ಸಂಜೆಯವರೆಗೆ ಹುಡುಕಿದೆವು. ಇಡಿಯಾಗಿ ಸಿಕ್ಕದ್ದು ಹದಿನಾಲ್ಕು. ವಾಪಸು ಬರುವಾಗ ಬಸ್ಸಿನಲ್ಲಿ ಕಂಚಣ್ಣ ಅವನ್ನು ಮಡಿಲಲ್ಲಿ ಕೂಸಿನ ಹಾಗೆ ಹಿಡಿದುಕೊಂಡಿದ್ದರು.

“ಅಕ್ಕಾ, ಆವತ್ತು ನಿಮಗೆ ಏನಾದ್ರೂ ಅನ್ನಿಸಿತ್ತಾ? ಸುರುಳಿ ನೋಡಿದಾಗ?”

ಸೀಮೆಸುಣ್ಣದ ವಾಸನೆಯ ವಿಷಯ ಹೇಳಿದೆ.

“ಇನ್ನು ಮೇಲೆ ಅನ್ನಿಸಿದ್ದು ಹೇಳಿಬಿಡಿ,” ಎಂದರು. “ನನ್ನ ಮುಖ ನೋಡಬೇಡಿ.”

ಕೋಣೆಯಲ್ಲಿ ದರ್ಜಿ ತಾತ ಹದಿನಾಲ್ಕನ್ನೂ ಒಂದೊಂದಾಗಿ ಮೇಜಿನ ಮೇಲೆ ಹರಡಿದರು. ಕಣ್ಣು ಮಂಜು, ಆದರೆ ಅಂಚಿನ ಮೇಲೆ ಬೆರಳು ಓಡಿಸಿದರೆ ಸಾಕು, ಮುಖ ಅರಳುತ್ತಿತ್ತು. “ಇವರು ಅಂಚೆಯೋರು. ಬೆನ್ನು ನೋಡಿ, ಸೈಕಲ್ ಮೇಲೇ ಹುಟ್ಟಿದ ಹಾಗೆ ಬಾಗಿದೆ. ಇವನು ಬೇಕರಿಯೋನು. ಮೊದಲು ಹೊಟ್ಟೆ ಬಂದು ಬಾಗಿಲು ತಟ್ಟುತ್ತೆ, ಆಮೇಲೆ ಇವನು ಬರ್ತಾನೆ.” ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ ತಾತ ಮೇಜು ತಡವಿದರು. “ಬ್ಯಾಂಕಿನ ಸಾಹೇಬ್ರು ಬರಲಿಲ್ಲವಾ?”

ಬಂದಿರಲಿಲ್ಲ.

“ಅವರು ಹೇಗಿದ್ರು ತಾತ?” ಎಂದು ಕಂಚಣ್ಣ ಕೇಳಿದರು. ಕೈ ಆಗಲೇ ಪೆನ್ನು ಹಿಡಿದಿತ್ತು.

“ಎಡಭುಜ ಇಳಿದಿತ್ತು. ತಕ್ಕಡೀಲಿ ಒಂದು ಕಡೆ ಕಲ್ಲು ಹಾಕಿದ ಹಾಗೆ.”

“ಎಷ್ಟು ಇಳಿದಿತ್ತು? ಒಂದು ಬೆರಳಾ, ಎರಡಾ?”

ತಾತ ಕಣ್ಣು ಮುಚ್ಚಿ ಗಾಳಿಯಲ್ಲೇ ಬೆರಳು ಇಟ್ಟು ನೋಡಿದರು. “ಒಂದೂವರೆ.”

“ಕತ್ತಿನಿಂದಲೇ ಇಳೀತದಾ, ತೋಳಿನ ಹತ್ರ ಬಂದು ಇಳೀತದಾ?”

“ಅರ್ಧ ದಾರಿ ನೆಟ್ಟಗೆ ಹೋಗಿ ಆಮೇಲೆ ಇಳೀತದೆ. ಮನೆ ಮಾಡಿನ ಇಳಿಜಾರು ಇರುತ್ತಲ್ಲ, ಹಾಗೆ.”

ಹೀಗೆ ಶುರುವಾಯಿತು. ದಿನವೂ ಮಧ್ಯಾಹ್ನ ಎರಡರಿಂದ ನಾಲ್ಕು ತಾತ ಹೇಳುವರು, ಕಂಚಣ್ಣ ಕೇಳಿ ಕೇಳಿ ಬರೆಯುವರು, ನಾನು ಗಟ್ಟಿಯಾಗಿ ಓದುವೆನು. ಓದುವಾಗ ತಾತನ ತಲೆ ಅಲ್ಲಾಡಿದರೆ ಮುಂದೆ, ಹುಬ್ಬು ಗಂಟಾದರೆ ಹಿಂದೆ. ಹೋಲಿಕೆ ಬಸ್ಸಿನ ಬೋರ್ಡಿದ್ದ ಹಾಗೆ, ಯಾವ ಕಡೆ ಹೋಗುತ್ತದೆಂದು ಹೇಳುತ್ತದೆ. ಇಳಿಯುವ ಸ್ಟಾಪು ಗೊತ್ತಾಗಬೇಕಾದರೆ ಬೆರಳಿನ ಲೆಕ್ಕ ಬೇಕು, ಎಂದು ಕಂಚಣ್ಣ ಹೇಳುತ್ತಿದ್ದರು. ಮಾತಾಡುವುದು ಅವರಿಗೆ ಆಗದ ಕಾರಣ ಕೇಳುವುದನ್ನು ಚೆನ್ನಾಗಿ ಕಲಿತಿದ್ದರೋ ಏನೋ. ಒಂದೊಂದು ಸಲ ಒಂದೇ ತೋಳಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು.

ಬ್ಯಾಂಕಿನ ಸಾಹೇಬರ ಚೀಟಿಯನ್ನು ಸೊಸೆ ಮನೆಗೆ ಒಯ್ದು, ಅದನ್ನು ಓದಿಕೊಂಡೇ ಹೊಸ ಕಂದು ಕಾಗದ ಕತ್ತರಿಸಿ ಮಾರನೆಯ ದಿನ ತಂದಳು. ತಾತನಿಗೆ ಯಾರದೆಂದು ಹೇಳದೆ ಕೈಗೆ ಕೊಟ್ಟಳು. ತಾತ ಬೆರಳು ಓಡಿಸಿದರು. ಎಡಭುಜದ ಅರ್ಧ ದಾರಿಯಲ್ಲಿ ಬೆರಳು ನಿಂತಿತು, ನಿಧಾನ ಇಳಿಯಿತು.

“ಬನ್ನಿ ಸಾಹೇಬ್ರೇ,” ಎಂದರು ತಾತ. “ಎಲ್ಲಿಗೆ ಹೋಗಿದ್ರಿ ಇಷ್ಟು ದಿನ?”

ಕಂಚಣ್ಣ ಎದ್ದು ಹೊರಗೆ ಹೋದರು. ನಲ್ಲಿಯ ಹತ್ತಿರ ಬಹಳ ಹೊತ್ತು ಮುಖ ತೊಳೆದರು.

ಕಳೆದ ನಲವತ್ತೊಂದರಲ್ಲಿ ಮೂವತ್ತಮೂರನ್ನು ಹೀಗೆ ಬರೆದರು. ಎಂಟು ಜನ ತಾತನ ನೆನಪಿಗೆ ಬರಲೇ ಇಲ್ಲ. ಅವರು ಹೋದವರೇ.

ಅಷ್ಟರಲ್ಲಿ ಆರು ತಿಂಗಳು ಮುಗಿಯಿತು. ಮ್ಯಾನೇಜರ್ ಬರುವ ಹಿಂದಿನ ದಿನ ಎಣಿಸಿದೆವು. ಬಂದ ಸಾಮಾನು ನಾನೂರ ಹನ್ನೆರಡು. ಮನೆ ಸೇರಿದ್ದು ಇನ್ನೂರ ಐದು. ಅರ್ಧಕ್ಕೆ ಒಂದು ಕಡಿಮೆ.

ಹಿರಿಯ ಡ್ರೈವರು ಮೇಜಿನ ಮೇಲೆ ಕುಕ್ಕರಿಸಿದ್ದ. “ಅದಕ್ಕೇನಣ್ಣ, ದರ್ಜಿ ತಾತನ ಸುರುಳಿ ಇಲ್ವಾ? ಹದಿನಾಲ್ಕು ಕೊಟ್ಟಿದ್ದೀಯ, ಉಳಿದದ್ದೂ ಬರೆದುಕೊಟ್ಟಿದ್ದೀಯ. ‘ಮಾಲೀಕರಿಗೆ ತಲುಪಿಸಲಾಗಿದೆ’ ಅಂತ ಬರೆದುಬಿಡು. ಇನ್ನೂರ ಆರು. ಮುಗೀತು.”

ನನಗೂ ಹಾಗೇ ಅನ್ನಿಸಿತು. ಹೇಳಿಯೂ ಬಿಟ್ಟೆ: “ಸುಳ್ಳೇನಲ್ಲವಲ್ಲ.”

ಕಂಚಣ್ಣ ಕೋಣೆಯ ಲೆಕ್ಕದ ಪುಸ್ತಕ ತೆರೆದು, ಸುರುಳಿಯ ಸಾಲಿನ ಮುಂದೆ ಪೆನ್ನು ಹಿಡಿದು ಕೂತರು. ಬರೆದರು. ಬರೆದದ್ದನ್ನು ನನ್ನ ಕಡೆ ತಿರುಗಿಸಿದರು. “ಓದಿ ಅಕ್ಕಾ.”

‘ಕಂದು ಕಾಗದದ ಸುರುಳಿ. ದರ್ಜಿಯೊಬ್ಬರ ಗಿರಾಕಿಗಳ ಮೈ ಅಳತೆ, ಐವತ್ತೈದು. ಬಿಚ್ಚಿ ನೋಡದೆ ನಾನು ಚೀಟಿಯಲ್ಲಿ ತಪ್ಪು ಬರೆದೆ. ಅದರಿಂದ ರದ್ದಿಗೆ ಹೋಯಿತು. ಹದಿನಾಲ್ಕು ಸಿಕ್ಕವು. ನಲವತ್ತೊಂದು ಹಾಳಾದವು.’

ನಾನು ಎಲ್ಲೂ ಮುಗ್ಗರಿಸಲಿಲ್ಲ. ಮೂರನೇ ಕ್ಲಾಸಿನ ಓದಿನಲ್ಲಿ ಸರಾಗವಾಗಿ ಓದಿ ಮುಗಿಸಿದೆ. ಡ್ರೈವರು ಮೇಜಿನಿಂದ ಇಳಿದ. “ನೀನು ಬಿಡಣ್ಣ,” ಎಂದು ಹೊರಟುಹೋದ.

ಮಾರನೆಯ ದಿನ ಮ್ಯಾನೇಜರ್ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ನಿಂತೇ ನೋಡಿದರು. ಒಂದು ಸಾಲಿನ ಮೇಲೆ ಬೆರಳು ನಿಂತಿತು.

“ಇದೇನಿದು?”

“ಆದದ್ದು, ಸಾರ್.”

“ಇದು ಸೇರಿದ್ರೆ ಅರ್ಧ ಆಗ್ತಿತ್ತು. ಗೊತ್ತಾ?”

“ಗೊತ್ತು ಸಾರ್.”

ಅವರು ಮತ್ತೊಮ್ಮೆ ಓದಿದರು. ಆಮೇಲೆ ಗೋಡೆಯ ಮೇಲಿನ ಕೊಡೆಗಳನ್ನು ನೋಡಿದರು. ನಲವತ್ತಿದ್ದಲ್ಲಿ ಆರಿದ್ದವು. ಒಂದರ ಚೀಟಿ ಓದಿ ಮೂಗಿನಲ್ಲೇ ನಕ್ಕರು. ಜೇಬಿನಿಂದ ಟೇಪು ತೆಗೆದು, ಒಂದು ತುದಿ ನನ್ನ ಕೈಗೆ ಕೊಟ್ಟು, ಕೋಣೆ ಅಳೆದರು.

“ಅರ್ಧ ಸಾಮಾನು ಹೊರಗೆ ಹೋಗಿದೆ ಅಂದ್ರೆ ನಿಮಗೆ ಅರ್ಧ ಕೋಣೆ ಸಾಕು. ಈ ಕಡೆ ಬ್ಯಾಟರಿ, ಆ ಕಡೆ ನೀವು. ನಡುವೆ ತಡಿಕೆ ಹಾಕಿಸ್ತೀನಿ.” ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತರು. “ಒಂದು ಕಮ್ಮಿ ಇದೆ, ಅದು ನೆನಪಿರಲಿ.”

“ಮರೆಯಲ್ಲ ಸಾರ್,” ಎಂದರು ಕಂಚಣ್ಣ.

ತಡಿಕೆ ಹಾಕಿದ ವಾರವೇ ದರ್ಜಿ ತಾತ ಸೊಸೆಯ ಜೊತೆ ಬಂದರು, ಕೊನೆಯ ಚೀಟಿಗಳನ್ನು ಒಯ್ಯಲು. ಕಂಕುಳಲ್ಲಿ ಒಂದು ಹಾಳೆ ಹೊಸ ಕಂದು ಕಾಗದ, ಕೊರಳಲ್ಲಿ ಅಳತೆಯ ಪಟ್ಟಿ. “ನಿಂತ್ಕೊಳ್ಳಿ ಸ್ವಾಮಿ, ನಿಮಗೂ ಒಂದು ಅಂಗಿ. ಐವತ್ತಾರ‍ನೇ ಗಿರಾಕಿ,” ಎಂದರು. ಬೇಡವೆಂದರೂ ಬಿಡಲಿಲ್ಲ. ಭುಜ ಅಳೆದರು, ತೋಳು ಅಳೆದರು. ಕತ್ತಿನ ಹತ್ತಿರ ಬಂದಾಗ ಕೈಗೆ ಮಫ್ಲರು ಸಿಕ್ಕಿತು.

ಕಂಚಣ್ಣ ಮಫ್ಲರು ಬಿಚ್ಚಿ ಮೇಜಿನ ಮೇಲಿಟ್ಟರು.

ಅಳತೆ ಮುಗಿದ ಮೇಲೆ ತಾತ ಕಾಗದವನ್ನು ಅವರ ಮುಂದೆ ಸರಿಸಿದರು. “ಬರೆದುಬಿಡಿ. ನಾನು ಮರೆತ್ರೆ ಸೊಸೆಗೆ ಬೇಕಾಗುತ್ತೆ.”

ಕಂಚಣ್ಣ ಬರೆದರು. ಸಾಯಂಕಾಲ ಬರೆದದ್ದನ್ನು ಬೆಳಿಗ್ಗೆ ತಿದ್ದುವ ಅಭ್ಯಾಸದವರು, ಆವತ್ತು ಒಂದೇ ಸಲಕ್ಕೆ ಬರೆದು ನನ್ನ ಕಡೆ ತಿರುಗಿಸಿದರು. ನಾನು ಗಟ್ಟಿಯಾಗಿ ಓದಿದೆ:

‘ಬಲತೋಳು ಎಡಕ್ಕಿಂತ ಅರ್ಧ ಬೆರಳು ಉದ್ದ, ಇಪ್ಪತ್ತಾರು ವರ್ಷ ಬಸ್ಸಿನ ಕಂಬಿ ಹಿಡಿದು ನಿಂತದ್ದರಿಂದ. ಕತ್ತಿನ ಎಡಗಡೆ ನಾಲ್ಕು ಬೆರಳು ಉದ್ದದ ಹೊಲಿಗೆ ಇದೆ, ಚೀಲದ ಬಾಯಿ ಅವಸರದಲ್ಲಿ ಹೊಲಿದ ಹಾಗೆ. ಕಾಲರು ಅಲ್ಲಿ ತಾಗಬಾರದು, ಸಡಿಲ ಇರಲಿ.’

ತಾತ ತಲೆ ಅಲ್ಲಾಡಿಸಿದರು. ಕಾಗದ ಸುತ್ತಿಕೊಂಡು, ಲಾಡಿ ಕಟ್ಟಿ, ಈ ಸಲ ಸೊಸೆಯ ಕೈಗೆ ಕೊಟ್ಟರು.